ಕುಂಕುಮ ಯಾವುದು, ರಕ್ತ ಯಾವುದು

ನಾನು ಬಿದ್ದದ್ದು ನನಗೆ ನೆನಪಿಲ್ಲ. ನೋಡಿದವರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಬಿದ್ದವನು ನಾನು, ಬಲ್ಲವರು ಮಾತ್ರ ಊರವರೆಲ್ಲ; ಇದೆಂಥ ನ್ಯಾಯವೋ!

ತಮಿಳು ಸೀಮೆಯ ಮಣಲಿಯಲ್ಲಿರುವ ನಮ್ಮ ಕಾರ್ಖಾನೆಯ ಆವರಣ ದೊಡ್ಡದು. ಗೇಟಿನಿಂದ ಗೋದಾಮಿಗೆ ಹೋಗಲು, ನಿಂತು ಓಡಿಸುವ ಪುಟ್ಟ ಬ್ಯಾಟರಿ ಸ್ಕೂಟರ್ ಕೊಟ್ಟಿದ್ದರು. ರಸ್ತೆಯಲ್ಲಿ ಪೊಲೀಸರಿಗೆ ಹೆದರಿ ಹಾಕುವ ಹೆಲ್ಮೆಟ್ಟನ್ನು ಗೇಟಿನಲ್ಲೇ ನೇತುಹಾಕಿ ಒಳಗೆ ಹೋಗುವುದು ನಮ್ಮೆಲ್ಲರ ರೂಢಿ. ಒಳಗೆ ಪೊಲೀಸರಿಲ್ಲವಲ್ಲ!

ಆವತ್ತು ಆಯುಧಪೂಜೆ. ಸ್ಕೂಟರಿಗೆ ಹಾರ ಹಾಕಿ, ದೃಷ್ಟಿ ನಿವಾಳಿಸಿ, ಕುಂಕುಮ ತುಂಬಿದ ಬೂದುಗುಂಬಳಕಾಯಿಯನ್ನು ಗೇಟಿನೆದುರೇ ಒಡೆದರು. ಇಷ್ಟು ನೆನಪಿದೆ. ಅದೇ ಹೋಳಿನ ಮೇಲೆ ಚಕ್ರ ಜಾರಿ ಹಿಂದಕ್ಕೆ ಬಿದ್ದೆನಂತೆ. ತಲೆ ಕಾಂಕ್ರೀಟಿಗೆ ಬಡಿಯಿತಂತೆ. ಎಬ್ಬಿಸಿದವರ ಕೈಯೆಲ್ಲ ಕೆಂಪು. "ರತ್ತಂ ಇಲ್ಲೆ ಸಾರ್, ಕುಂಗುಮಂ", ರಕ್ತವಲ್ಲ, ಬರೀ ಕುಂಕುಮ, ಎಂದು ನಕ್ಕರಂತೆ. ನಾನೂ ನಕ್ಕೆನಂತೆ. ಹೋಗಿ ಕುರ್ಚಿಯಲ್ಲಿ ಕೂತು ಪ್ರಸಾದದ ಕಡಲೆಪುರಿ ತಿಂದೆನಂತೆ. ಈ ಅಂತೆಕಂತೆಗಳನ್ನು ಎಷ್ಟು ಜೋಡಿಸಿದರೂ ನನಗೊಂದು ದಿನ ಆಗುವುದಿಲ್ಲ.

ಮನೆಗೆ ಫೋನ್ ಮಾಡಿದವನೂ ನಾನೇ ಅಂತೆ. ಎತ್ತಿದ್ದು ಮಗಳು. ನಾನು ಕನ್ನಡದಲ್ಲಿ ಕೇಳಿದರೆ ಅವಳು ತಮಿಳಿನಲ್ಲೇ ಉತ್ತರಿಸುವವಳು; ಬೈದರೂ ಅಷ್ಟೇ, ಮುದ್ದು ಮಾಡಿದರೂ ಅಷ್ಟೇ.

"ನಮ್ಮಮ್ಮ ಊಟ ಮಾಡಿದ್ರಾ?" ಎಂದೆನಂತೆ.

"ಪಾಟ್ಟಿಯಾ?" ಎಂದಳಂತೆ, ಅಜ್ಜಿಯಾ ಎಂದು ತಮಿಳಿನಲ್ಲೇ.

ನನ್ನ ತಾಯಿ ತೀರಿಕೊಂಡು ವರ್ಷಗಳಾಗಿವೆ. ಮತ್ತೆ ಅದನ್ನೇ ಕೇಳಿದೆನಂತೆ, ಮತ್ತೂ ಅದನ್ನೇ. ನನ್ನ ಕರೆ ಕಡಿಯದೆಯೇ, ತನ್ನ ಅಮ್ಮನ ಮೊಬೈಲಿನಿಂದ ನನ್ನ ಜೊತೆಯವರಿಗೆ ಹೇಳಿ ಆಂಬುಲೆನ್ಸ್ ಕರೆಸಿದವಳು ಅವಳೇ. ತಲೆಯೊಳಗೆ ರಕ್ತ ಹೆಪ್ಪುಗಟ್ಟಿತ್ತು. ಇನ್ನು ಸ್ವಲ್ಪ ತಡವಾಗಿದ್ದರೆ ಜೀವಕ್ಕೇ ಕುತ್ತಾಗುತ್ತಿತ್ತು ಎಂದರು ವೈದ್ಯರು.

ಆಂಬುಲೆನ್ಸ್ ಬರುವವರೆಗೂ ಮಗಳು ನನ್ನ ಜೊತೆ ಕನ್ನಡದಲ್ಲೇ ಮಾತಾಡಿದಳಂತೆ. ಹೆಂಡತಿ ಹೇಳುತ್ತಾಳೆ: "'ಅಪ್ಪಾ, ಏಳ್ಬೇಡ, ನಿದ್ದೆ ಮಾಡ್ಬೇಡ, ಅಜ್ಜಿ ಊಟ ಆಯ್ತು' ಅಂದ್ಲು ರೀ. ನಾನೇ ಬೆಚ್ಚಿಬಿದ್ದೆ."

ಅವಳ ಬಾಯಲ್ಲಿ ಕನ್ನಡ ಕೇಳಬೇಕೆಂದು ಇಷ್ಟು ವರ್ಷ ಹಂಬಲಿಸಿದವನು ನಾನು. ಕೇಳಿದ್ದೇನೆ, ಕೇಳಿ ಉತ್ತರವನ್ನೂ ಕೊಟ್ಟಿದ್ದೇನಂತೆ. ಒಂದು ಮಾತೂ ನೆನಪಿಲ್ಲ.

ತಲೆಯ ಆಪರೇಷನ್ನಿನ ಹೊಲಿಗೆ ಬಿಚ್ಚಿಸಿಕೊಂಡು ಬಂದ ದಿನ, "ಇನ್ನೊಂದ್ಸಲ ಹೇಳೇ" ಎಂದೆ ಮಗಳಿಗೆ.

"ಪೋಪ್ಪಾ!" ಎಂದು ಮತ್ತೆ ತಮಿಳಿನಲ್ಲೇ ಹೇಳಿ, ಕಣ್ಣೊರೆಸಿಕೊಳ್ಳುತ್ತಾ ಒಳಗೆ ಹೋದಳು.