ಒಗ್ಗರಣೆ ಹಾಕದ ಓಣಿ

ನನ್ನ ಮೂಗಿನ ಬಗ್ಗೆ ನನಗೆ ಮೊದಲಿನಿಂದಲೂ ಸ್ವಲ್ಪ ಸೊಕ್ಕು. ಕಲಘಟಗಿ ತಾಲೂಕಿನ ಹಳ್ಳಿಗಳಲ್ಲಿ ನರ್ಸ್ ಆಗಿ ಇಪ್ಪತ್ತು ವರ್ಷ ಮನೆಮನೆ ತಿರುಗಿದವಳು ನಾನು. ಯಾವ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾವ ಮನೆಯಲ್ಲಿ ಮುದುಕರ ಕಾಲಿನ ಗಾಯ ಕೆಟ್ಟಿದೆ ಎಂಬುದು ಹೊಸ್ತಿಲಲ್ಲಿ ನಿಂತರೇ ತಿಳಿಯುತ್ತದೆ. ಆ ಬುಧವಾರ ಬೆಳಿಗ್ಗೆ, ತಂಬೂರದಿಂದ ಒಳಗೆ ಹೋಗುವ ದಾರಿಯ ಒಂದು ಸಣ್ಣ ಊರಿನಲ್ಲಿ ನಡೆಯುತ್ತಿದ್ದೆ. ಹೊಲಕ್ಕೆ ಬುತ್ತಿ ಕಟ್ಟುವ ಹೊತ್ತು. ಬೆಳ್ಳುಳ್ಳಿ ಒಗ್ಗರಣೆಯ ಘಾಟಿಗೆ ಸೀನು ಬರಬೇಕಿತ್ತು. ಬರಲಿಲ್ಲ. ಒಂದು ಓಣಿಯ ಉದ್ದಕ್ಕೂ ಯಾರೂ ಒಗ್ಗರಣೆ ಹಾಕಿರಲಿಲ್ಲ. ತಲೆ ಎತ್ತಿ ನೋಡಿದೆ. ಬಾಗಿಲ ಮೇಲೆ ಬೇವಿನ ತೊಪ್ಪಲು. ಬಾಜೂ ಮನೆಗೂ ಬೇವು, ಅದರಾಚೆಯ ಮನೆಗೂ ಬೇವು.

ಅಮ್ಮ ಬಂದ ಮನೆಯಲ್ಲಿ ಒಗ್ಗರಣೆ ಹಾಕುವುದಿಲ್ಲ. ಹೊರಗಿನವರು ಒಳಗೆ ಕಾಲಿಡುವಂತಿಲ್ಲ. ಮಗುವಿನ ಮೈ ಕಾಯುತ್ತದೆ, ಕಣ್ಣು ಕೆಂಪಾಗುತ್ತದೆ, ಮೈತುಂಬ ಗುಳ್ಳೆ ಏಳುತ್ತವೆ. ನಮ್ಮ ಕಾಗದದಲ್ಲಿ ಅದರ ಹೆಸರು ದಡಾರ. ಓಣಿಯ ಜನಕ್ಕೆ ಅದು ರೋಗವೇ ಅಲ್ಲ, ಮನೆಗೆ ಬಂದ ದೇವತೆ. ದೇವತೆಯನ್ನು ರೋಗ ಎಂದು ಕರೆದರೆ ಆಕೆ ಮುನಿಯುತ್ತಾಳೆ. ಆದ್ದರಿಂದ ನಾನು ಹೊರಗೆ ನಿಂತು, "ಮನ್ಯಾಗ ಯಾರಿಗರ ಜ್ವರ ಅದಾವೇನ್ರಿ?" ಎಂದು ಕೇಳಿದಾಗ ಬಂದ ಉತ್ತರ, "ಇಲ್ರಿ ಅಕ್ಕಾರ, ಎಲ್ಲಾರೂ ಆರಾಮ ಅದೀವ್ರಿ." ಅದು ಸುಳ್ಳಲ್ಲ. ಅವರು ಸುಳ್ಳು ಹೇಳುವ ಜನವೂ ಅಲ್ಲ.

ನನ್ನ ತಪ್ಪನ್ನು ಇಲ್ಲೇ ಹೇಳಿಬಿಡುತ್ತೇನೆ. ಹಿಂದಿನ ಎರಡು ವಾರ ನಾನು ಆ ಓಣಿಗೆ ಹೋಗಿರಲಿಲ್ಲ. ಆಶಾ ಕಾರ್ಯಕರ್ತೆ ಫೋನಿನಲ್ಲಿ "ಆರಾಮ ಅದಾರ" ಎಂದಳು, ನಾನು ಮೊಬೈಲಿನಲ್ಲಿ ಸೊನ್ನೆ ಒತ್ತಿದೆ. ಆ ಸೊನ್ನೆ ಧಾರವಾಡಕ್ಕೆ ಹೋಗುತ್ತದೆ, ಬೆಂಗಳೂರಿಗೆ, ದಿಲ್ಲಿಗೆ, ಅಲ್ಲಿಂದ ಸಮುದ್ರದಾಚೆಯ ಯಾವುದೋ ಕಚೇರಿಯ ನಕಾಶೆಗೆ. ಕರೋನಾ ಕಾಲದಲ್ಲಿ ಲಸಿಕೆ ತಪ್ಪಿದ ಮಕ್ಕಳು ಎಷ್ಟೋ ದೇಶಗಳಲ್ಲಿ ಇದ್ದರು, ದಡಾರ ಅಲ್ಲೆಲ್ಲ ತಿರುಗಿ ತಲೆ ಎತ್ತಿತ್ತು. ಯಾವ ದೇಶಕ್ಕೆ ಲಸಿಕೆ, ಯಾವ ದೇಶಕ್ಕೆ ಡಾಕ್ಟರು ಎಂದು ಅವರೆಲ್ಲ ಕೂಡಿ ಲೆಕ್ಕ ಹಾಕುವುದು ನನ್ನಂಥವರು ಒತ್ತಿದ ಅಂಕಿಯ ಮೇಲೆ. ನಾನು ಒತ್ತಿದ್ದು ಸೊನ್ನೆ. ಆ ನಕಾಶೆಯಲ್ಲಿ ನಮ್ಮ ಊರು ಹಸಿರಾಗಿ ಹೊಳೆಯುತ್ತಿದ್ದಿರಬೇಕು.

ಆವತ್ತೇ ನಿಜವಾದ ಸಂಖ್ಯೆ ಕಳಿಸಿದೆ. ಜ್ವರದ ಕಾಲಂನಲ್ಲಿ ಬೇವು ಕಟ್ಟಿದ ಮನೆಗಳನ್ನು ಎಣಿಸಿ ಬರೆದೆ. ಆದರೆ ಸೋಂಕು ಹರಡಿದೆ ಎಂದು ಘೋಷಣೆ ಆಗಬೇಕಾದರೆ ಐದು ಮಕ್ಕಳ ರಕ್ತ ಪರೀಕ್ಷೆಗೆ ಹೋಗಬೇಕು. ಓಣಿಯ ಹಿರಿಯಳು ಒಬ್ಬ ಅಜ್ಜಿ. ಅವಳ ಮನೆಯಲ್ಲೇ ಇಬ್ಬರು ಮೊಮ್ಮಕ್ಕಳು ಮಲಗಿದ್ದರು. ಕಟ್ಟೆಯ ಕೆಳಗೆ ನಿಂತು ಕೇಳಿದೆ.

"ಬ್ಯಾನಿ ಅನಬ್ಯಾಡ ಬೇ," ಎಂದಳು ಅಜ್ಜಿ. "ಅಕಿ ಬಂದಾಳ, ನಾಕ ದಿನ ಇರ್ತಾಳ, ಹೋಗ್ತಾಳ. ಮೈಯಾಗ ದೇವರಿದ್ದಾಗ ಸೂಜಿಲೆ ಚುಚ್ಚತಾರೇನ?"

"ಯಾವಾಗ ಕಳಸ್ತೀರಿ ಅಮ್ಮಾರ?"

"ಬರೂ ಮಂಗಳವಾರ. ಉಡಿ ತುಂಬಿ, ಮೊಸರನ್ನದ ಎಡಿ ಕೊಟ್ಟು ಕಳಸ್ತೀನಿ."

"ಕಳಿಸಿದ ಮ್ಯಾಲೆ ರಕ್ತ ಕೊಡ್ತೀರೇನ್ರಿ?"

ಅಜ್ಜಿ ನನ್ನನ್ನು ಒಂದು ಕ್ಷಣ ನೋಡಿ, "ಅಕಿ ಹ್ವಾದ ಮ್ಯಾಲೆ ಅವು ನಿನ್ನ ಹುಡುಗ್ರು. ಏನರ ಮಾಡ್ಕೊ," ಎಂದಳು. ನನಗೆ ಅಷ್ಟು ಸಾಕಿತ್ತು. ಗುಳ್ಳೆ ಎದ್ದ ಮೇಲೆ ಕೆಲವು ವಾರ ರಕ್ತದಲ್ಲಿ ಗುರುತು ಉಳಿಯುತ್ತದೆ. ಮಂಗಳವಾರ ತೆಗೆದರೂ ಪರೀಕ್ಷೆ ಕೆಡುವುದಿಲ್ಲ.

ಆದರೆ ಎದುರಿನ ಮನೆಯಲ್ಲಿ ಒಂದು ಕೂಸಿತ್ತು. ಏಳು ತಿಂಗಳ ಹೆಣ್ಣುಕೂಸು. ಹೆರಿಗೆಗೆಂದು ತವರಿಗೆ ಬಂದ ತಾಯಿ ಇನ್ನೂ ಅಲ್ಲೇ ಇದ್ದಳು. ಪಿಯುಸಿ ಓದಿದವಳು, ಎಲ್ಲ ಕೇಳಿಸಿಕೊಂಡಿದ್ದಳು. ನನ್ನ ಹಿಂದೆಯೇ ಓಡಿಬಂದು, "ಅಕ್ಕಾರ, ನಿನ್ನೆ ಬೇವು ಕಟ್ಟೂಕಿಂತ ಮೊದಲ ಅಜ್ಜಿ ಮೊಮ್ಮಗಳು ನಮ್ಮ ಕೂಸನ್ನ ಎತ್ತಿ ಆಡ್ಸಿದ್ಲರಿ. ಇಕಿಗೆ ಸೂಜಿ ಯಾವಾಗ್ರಿ?" ಎಂದಳು. ದಡಾರದ ಮೊದಲ ಲಸಿಕೆ ಒಂಬತ್ತು ತಿಂಗಳಿಗೆ. ಸೋಂಕು ಹರಡಿದೆ ಎಂದು ಘೋಷಣೆಯಾದರೆ ಮಾತ್ರ ಆರು ತಿಂಗಳು ದಾಟಿದ ಕೂಸುಗಳಿಗೂ ಕೊಡಬಹುದು. ಸೋಂಕು ತಾಗಿದ ಮೂರು ದಿನದೊಳಗೆ ಕೊಟ್ಟರೆ ಮಗು ಪಾರಾಗುವ ಸಾಧ್ಯತೆ ಇರುತ್ತದೆ. ತಾಗಿದ್ದು ಮಂಗಳವಾರ. ನಾನು ಅವಳಿಗೆ, "ನಾಳೆ ಗುರುವಾರ ದುಮ್ಮವಾಡಕ್ಕ ಬಾ, ನೋಡೂಣು," ಎಂದೆ. ಹಾಗೆ ಯಾಕಾದರೂ ಅಂದೆನೋ.

ಗುರುವಾರ ದುಮ್ಮವಾಡದ ಕಡೆ ಲಸಿಕೆ ದಿನ. ಅವಳು ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಟಂಟಂ ಹತ್ತಿ ಬಂದಿದ್ದಳು. ಒಂದು ಸೀಸೆ ಒಡೆದಿದ್ದೆ. ಎರಡು ಮಕ್ಕಳಿಗೆ ಕೊಟ್ಟಾಗಿತ್ತು, ಉಳಿದದ್ದು ಅದರಲ್ಲೇ ಇತ್ತು. ಒಡೆದ ಸೀಸೆಯನ್ನು ನಾಲ್ಕು ತಾಸಿನ ಮೇಲೆ ಬಳಸುವಂತಿಲ್ಲ. ಅವಳು ಮೂಲೆಯಲ್ಲಿ ಕೂತು ಗಡಿಯಾರ ನೋಡುತ್ತಿದ್ದಳು. ನಾನು ತಾಲೂಕು ಆರೋಗ್ಯ ಕಚೇರಿಯ ಸಾಹೇಬರಿಗೆ ಫೋನ್ ಹಚ್ಚಿದೆ. "ಪೇಪರ್ ಇಲ್ಲದ ನಾ ಹ್ಯಾಂಗ ಹೂಂ ಅನ್ಲಿ ಸಿಸ್ಟರ್? ನಾಳೆ ಹೊರದೇಶದವರು ಬರಾಕತ್ತಾರ. ಈ ಹೊತ್ನ್ಯಾಗ ಏನೂ ಹೆಚ್ಚುಕಡಿಮಿ ಮಾಡಬ್ಯಾಡ್ರಿ," ಎಂದರು.

ನಾಲ್ಕು ತಾಸು ಮುಗಿಯಿತು.

"ಆ ಶೀಶೆದಾಗ ಇನ್ನೂ ಐತಲ್ರಿ ಅಕ್ಕಾರ," ಎಂದಳು ಅವಳು.

"ಒಂಬತ್ತು ತಿಂಗಳ ಆಗಬೇಕವ್ವಾ. ಆರ್ಡರ್ ಬಂದಿಲ್ಲ."

"ಚೆಲ್ಲೂದಕ್ಕ ಆರ್ಡರ್ ಐತೇನ್ರಿ?"

ಸೀಸೆಯನ್ನು ಬಳಸಿ ಮುಗಿದವುಗಳ ಚೀಲಕ್ಕೆ ಹಾಕಿ ಗಂಟು ಬಿಗಿದೆ. ಅವಳು ಕೂಸನ್ನು ಎತ್ತಿಕೊಂಡು ಹೊರಟುಹೋದಳು. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

ಶುಕ್ರವಾರ ಜೀಪು ಬಂತು. ನಮ್ಮ ಸಾಹೇಬರು, ಅವರ ಜೊತೆ ಅಂತರರಾಷ್ಟ್ರೀಯ ತಂಡದ ಡಾಕ್ಟರು. ಅವರು ನನ್ನದೇ ವಯಸ್ಸಿನ ಹೆಂಗಸು, ಬಿಸಿಲಿಗೆ ಮುಖ ಕೆಂಪಗಾಗಿತ್ತು. ಆವತ್ತೇ ಐದು ರಕ್ತ ಬೇಕು, ಸಂಜೆ ಎಲ್ಲ ದೇಶಗಳವರೂ ಕೂಡುವ ವಿಡಿಯೋ ಸಭೆಯಲ್ಲಿ ಹೇಳಬೇಕು ಎಂಬುದು ಅವರ ಅವಸರ. ಅಜ್ಜಿ ಬಾಗಿಲಲ್ಲಿ ಕೂತು ಅಲುಗಲಿಲ್ಲ. ಸಾಹೇಬರು ನನ್ನ ಕಡೆ ತಿರುಗಿ, "ಪೊಲೀಸರಿಗೆ ಹೇಳಿ ಕರಸ್ತೀನಿ. ಇಬ್ಬರು ನಿಂತ್ರ ತಾನ ಬಾಗಲಾ ಬಿಡ್ತಾಳ," ಎಂದರು.

ನನಗೆ ಸಿಟ್ಟು ನೆತ್ತಿಗೇರಿತು. ಹಿಂದಿನ ದಿನದ ಸೀಸೆಯ ಸಂಕಟವೂ ಅದರಲ್ಲಿ ಸೇರಿತ್ತು ಅಂತ ಕಾಣುತ್ತದೆ. ಹೋಗಿ ಅಜ್ಜಿಯ ಮುಂದೆ ಕಟ್ಟೆಯ ಕೆಳಗೆ ನಿಂತೆ. "ಪೊಲೀಸರನ್ನ ಕರಸ್ರಿ ಸಾಹೇಬ್ರ. ಇವತ್ತ ಐದು ರಕ್ತ ಸಿಗ್ತಾವ. ನಾಳೆ ಲಸಿಕೆ ಹಾಕಾಕ ಬಂದ್ರ ಈ ಊರಾಗ ಒಂದು ಕೂಸು ಸಿಗಂಗಿಲ್ಲ. ಎಲ್ಲಾ ಗ್ವಾವಿನಜೋಳದ ಹೊಲದಾಗ ಅಡಗಿರ್ತಾವ. ಹುಡುಕಾಕ ನೀವು ಬರ್ತೀರೇನು?"

ಹೊರದೇಶದ ಡಾಕ್ಟರು ಏನೆಂದು ಕೇಳಿದರು. ಸಾಹೇಬರು ಇಂಗ್ಲಿಷಿನಲ್ಲಿ ಹೇಳಿದ್ದು ನನಗೆ ಅರ್ಥವಾಯಿತು: ಜನ ಒಪ್ಪುತ್ತಿಲ್ಲ, ನರ್ಸ್ ಸಮಯ ಕೇಳುತ್ತಿದ್ದಾಳೆ. ನಾನು ಆಡಿದ ಮಾತು ಅದಲ್ಲ. ನನ್ನ ಹರಕುಮುರುಕು ಇಂಗ್ಲಿಷಿನಲ್ಲಿ ನಾನೇ ಹೇಳಿದೆ. ಜನ ಒಪ್ಪಿದ್ದಾರೆ, ದಿನವನ್ನೂ ಕೊಟ್ಟಿದ್ದಾರೆ, ಮಂಗಳವಾರ. ಬೇವು ಕಟ್ಟಿದ ದಿನದಿಂದ ಈ ಮನೆಗಳಿಗೆ ಹೊರಗಿನವರು ಕಾಲಿಟ್ಟಿಲ್ಲ, ಮಕ್ಕಳು ಅಂಗಳ ದಾಟಿಲ್ಲ. ಕರೋನಾದಲ್ಲಿ ನೀವು ಇಡೀ ಲೋಕಕ್ಕೆ ಕಲಿಸಲು ಒದ್ದಾಡಿದ್ದು ಇದನ್ನೇ. ಇವರಿಗೆ ಮೊದಲೇ ಬರುತ್ತದೆ. ವ್ಯಾಕರಣ ಎಲ್ಲೆಲ್ಲೋ ಮುರಿದಿರಬೇಕು, ನಾನು ನಿಲ್ಲಿಸಲಿಲ್ಲ.

ಆಕೆ ಬಾಗಿಲ ಬೇವನ್ನು ನೋಡಿದರು, ಅಜ್ಜಿಯನ್ನು ನೋಡಿದರು. ಸರಿ, ಮಂಗಳವಾರ ಎಂದರು. ಮೊಬೈಲಿನಲ್ಲಿ ಏನೋ ಬರೆದುಕೊಂಡು ಜೀಪು ಹತ್ತಿದರು. ಸಾಹೇಬರೂ ಹಿಂದೆಯೇ ಹತ್ತಿದರು. ಅಜ್ಜಿ, "ಭಾಳ ಒದರಿದಿ, ನೀರರ ಕುಡಿ," ಎಂದು ಚರಿಗೆಯನ್ನು ಕಟ್ಟೆಯ ಅಂಚಿಗೆ ಇಟ್ಟಳು.

ಮಂಗಳವಾರ ಅಜ್ಜಿ ಖಣ, ಕಾಯಿ, ಅಕ್ಕಿ ಇಟ್ಟು ಅಮ್ಮನ ಉಡಿ ತುಂಬಿದಳು. ಮೊಸರನ್ನದ ಬುಟ್ಟಿ ಹೊತ್ತು ಊರ ಹೊರಗಿನ ಬೇವಿನ ಮರದವರೆಗೆ ಹೋಗಿ ಇಟ್ಟು ಬಂದಳು. ಕಾಲು ತೊಳೆದುಕೊಂಡು ನನ್ನನ್ನು ಕರೆದಳು: "ಬಾರವ್ವಾ, ಅಕಿ ಹ್ವಾದ್ಲು." ಐದು ಮಕ್ಕಳು ಸಾಕಿತ್ತು. ಅಜ್ಜಿ ಇನ್ನೂ ಇಬ್ಬರನ್ನು ರಟ್ಟೆ ಹಿಡಿದು ಎಳೆದುತಂದಳು. ಒಬ್ಬನೂ ಅಳಲಿಲ್ಲ ಎಂದರೆ ಸುಳ್ಳಾಗುತ್ತದೆ. ಎಲ್ಲರೂ ಓಣಿ ಹಾರಿಹೋಗುವಂತೆ ಅತ್ತರು.

ವರದಿ ದಡಾರವೆಂದೇ ಬಂತು, ಘೋಷಣೆಯಾಯಿತು. ಸುತ್ತಲಿನ ಊರುಗಳಿಗೆಲ್ಲ ಲಸಿಕೆ ಹಾಕಿದೆವು. ಆ ಓಣಿಯಲ್ಲಿ ಒಂದು ಮಗುವೂ ತಪ್ಪಲಿಲ್ಲ. ಅಜ್ಜಿಯೇ ಮನೆಮನೆಗೆ ಹೋಗಿ ಕೂಗಿ ಕರೆದಿದ್ದಳು. ಎದುರುಮನೆಯ ಕೂಸು ಮಾತ್ರ ಸಾಲಿನಲ್ಲಿ ಇರಲಿಲ್ಲ. ಅದರ ಮೈಮೇಲೆ ಆಗಲೇ ಗುಳ್ಳೆ ಎದ್ದಿದ್ದವು. ಎದೆ ಕಟ್ಟಿ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಸೇರಿಸಬೇಕಾಯಿತು. ನಾನು ಎರಡು ಸಲ ಹೋದೆ. ತಾಯಿ ನನಗೆ ಕೂರಲು ಸ್ಟೂಲು ಸರಿಸಿ, ಕೂಸಿನ ಕಡೆ ತಿರುಗಿ ಕೂತಳು. ಕೂಸು ಬದುಕಿತು. ಎಡಗಿವಿಯಿಂದ ಕೀವು ಹರಿದು ಹರಿದು, ಆ ಕಿವಿ ಹೋಯಿತು.

ಎರಡು ತಿಂಗಳ ಮೇಲೆ, ಆದದ್ದನ್ನೆಲ್ಲ ಪರಾಮರ್ಶಿಸಲು ಮತ್ತೆ ದೇಶದೇಶಗಳ ವಿಡಿಯೋ ಸಭೆ ಕರೆದರು. ಸಾಹೇಬರ ಪಕ್ಕದಲ್ಲಿ ನನಗೂ ಒಂದು ಕುರ್ಚಿ ಹಾಕಿದ್ದರು. ಪರದೆಯ ತುಂಬ ಸಣ್ಣ ಸಣ್ಣ ಚೌಕಗಳಲ್ಲಿ ಮುಖಗಳು. ಹೊರದೇಶದ ಡಾಕ್ಟರು ನಮ್ಮ ಊರಿನ ಪುಟ ತೆರೆದರು. ಅದರಲ್ಲಿ ಒಂದು ಸಾಲು: ಸ್ಥಳೀಯ ಜನರ ಪ್ರತಿರೋಧದಿಂದ ಮಾದರಿ ಸಂಗ್ರಹ ತಡವಾಗಿ, ಒಂದು ಶಿಶುವಿಗೆ ತೊಂದರೆಯಾಯಿತು.

ನಾನು ಕೈ ಎತ್ತಿದೆ. ಸಾಹೇಬರು ಮೆಲ್ಲಗೆ, "ಸುಮ್ನಿರ್ರಿ ಸಿಸ್ಟರ್, ಎಲ್ಲಾ ದೇಶದವರೂ ಕೇಳಾಕತ್ತಾರ," ಎಂದರು.

"ಕೇಳ್ಲಿ ಅಂತನ ಹೇಳಾಕತ್ತೀನ್ರಿ."

ಆ ಸಾಲು ಸುಳ್ಳು ಎಂದೆ. ಬುಧವಾರವೇ ರಕ್ತ ಎಳೆದಿದ್ದರೂ ನಿಮ್ಮ ಕಾಗದ ಶುಕ್ರವಾರದೊಳಗೆ ಬರುತ್ತಿರಲಿಲ್ಲ. ಲಸಿಕೆ ಗುರುವಾರ ನನ್ನ ಕೈಯಲ್ಲಿತ್ತು. ತಾಯಿ ಕೇಳಿದಳು. ಆ ಓಣಿಯಿಂದ ಬಂದು, ಕೂತು, ಕೇಳಿದಳು. ಕೊಡದೆ ಇದ್ದವಳು ನಾನು. ನಿಮ್ಮ ಆರ್ಡರಿಗೆ ಹೆದರಿ ಕೊಡಲಿಲ್ಲ. ಪ್ರತಿರೋಧ ಎಂದು ತೆಗೆದು, ನರ್ಸ್ ಹೆದರಿದಳು ಎಂದು ಬರೆಯಿರಿ. ಆರು ತಿಂಗಳು ದಾಟಿದ ಕೂಸಿನ ಎದುರು ಸೋಂಕು ಕಂಡರೆ, ಬಾಗಿಲಲ್ಲಿ ನಿಂತ ನರ್ಸೇ ನಿರ್ಧರಿಸಲಿ ಎಂದೂ ಬರೆಯಿರಿ. ಹೊರದೇಶದ ಡಾಕ್ಟರು ಗುರುತು ಹಾಕಿಕೊಂಡೆ ಎಂದರು. ಮುಂದಿನ ದೇಶದ ಸರದಿ ಬಂತು.

ಕೊನೆಯ ವರದಿಯಲ್ಲಿ ಆ ಸಾಲು ಹಾಗೇ ಇದೆ. ನನಗೆ ಶಿಸ್ತಿನ ಮೆಮೋ ಬಂತು, ಹಾಗೇ ಇಟ್ಟುಕೊಂಡಿದ್ದೇನೆ. ಮಂಗಳವಾರದವರೆಗೆ ಕಾದದ್ದಕ್ಕೆ ನನಗೆ ಎಳ್ಳಷ್ಟೂ ಪಶ್ಚಾತ್ತಾಪವಿಲ್ಲ, ನಾಳೆಯೂ ಕಾಯುತ್ತೇನೆ. ಗುರುವಾರದ ಸೀಸೆಗಾಗಿ ಮಾತ್ರ ನನ್ನನ್ನು ನಾನು ಕ್ಷಮಿಸಿಲ್ಲ. ಆ ಹುಡುಗಿ ಈಗ ಅಂಗನವಾಡಿಗೆ ಹೋಗುತ್ತಾಳೆ. ಕರೆದರೆ ಬಲಗಡೆ ತಿರುಗುತ್ತಾಳೆ. ಹೋದ ವರ್ಷ ಪಕ್ಕದೂರಿನಲ್ಲಿ ಮತ್ತೆ ಬೇವು ಕಂಡಿತು, ಎದುರುಮನೆಯಲ್ಲಿ ಎಂಟು ತಿಂಗಳ ಗಂಡುಕೂಸು. ಸೀಸೆ ಒಡೆದೆ, ತೋಳಿಗೆ ಚುಚ್ಚಿದೆ, ಆಮೇಲೆ ಸಾಹೇಬರಿಗೆ ಫೋನ್ ಹಚ್ಚಿದೆ. ಕೊಡಲೇ ಎಂದು ಕೇಳಲಿಲ್ಲ, ಕೊಟ್ಟೆ ಎಂದು ಹೇಳಿದೆ.