ಟಿಲ್ಲರಿಗೂ ಸೋಮವಾರ

ಮುಖಕ್ಷೌರದ ಬ್ಲೇಡು ಕಂಡುಹಿಡಿದ ಪುಣ್ಯಾತ್ಮನಿಗೆ ನನ್ನಂಥವರ ಮೇಲೆ ಕರುಣೆಯಿತ್ತು. ಎರಡೂ ಕಡೆ ಹರಿತ. ಹೇಗೆ ಹಾಕಿದರೂ ಗಡ್ಡ ಹೋಗುತ್ತದೆ. ಪವರ್ ಟಿಲ್ಲರ್ ಮಾಡಿದವನಿಗೆ ಆ ಕರುಣೆ ಇರಲಿಲ್ಲ. ಅದರ ಬ್ಲೇಡಿಗೆ ಹರಿತ ಒಂದೇ ಕಡೆ. ಸಾಲದ್ದಕ್ಕೆ ಅರ್ಧ ಎಡಕ್ಕೆ ಬಾಗಿದವು, ಅರ್ಧ ಬಲಕ್ಕೆ.

ಎಂಬತ್ತರ ದಶಕದ ಮೊದಲಲ್ಲಿ ನಾನು ಚನ್ನಗಿರಿಯಲ್ಲಿ ಹೈಸ್ಕೂಲು ಮೇಷ್ಟ್ರು. ಸೂಳೆಕೆರೆ ನಾಲೆಯ ಕೆಳಗಿನ ನಮ್ಮೂರಿನಲ್ಲಿ ಗದ್ದೆ ನೋಡಿಕೊಳ್ಳುತ್ತಿದ್ದವರು ದೊಡ್ಡಪ್ಪ ರುದ್ರಪ್ಪ. ಹಿಂದೆ ಕೂತು ಓಡಿಸಲು ಸೀಟಿದ್ದ ಅವರ ಟಿಲ್ಲರ್ ಊರಿಗೇ ಮೊದಲನೆಯದು. ಭತ್ತದ ಕೂಳೆಯನ್ನು ಕೊಚ್ಚಿ ಕೆಸರಿಗೆ ಬೆರೆಸಿಬಿಡುತ್ತಿತ್ತು. ಬ್ಲೇಡು ಸವೆದು ಹೊಸದು ತಂದಾಗ, ಜೊತೆಗೆ ಬಂದ ಇಂಗ್ಲಿಷ್ ಪುಸ್ತಕ ಓದಬಲ್ಲವನು ಮನೆಯಲ್ಲಿ ನಾನೊಬ್ಬನೇ. ಹಾಗಾಗಿ ಒಂದು ಭಾನುವಾರ ನಟ್ಟು ಬಿಗಿಯುವ ಪಾನಾ ನನ್ನ ಕೈಗೆ ಬಂತು.

ಅಂದು ಉಳಬೇಕಾಗಿದ್ದದ್ದು ಪಕ್ಕದ ಗದ್ದೆಯ ಗೌರಮ್ಮನ ಒಂದೆಕರೆ. ಆಕೆಗಿದ್ದದ್ದೇ ಅಷ್ಟು. ನಾಲೆ ನೀರಿನ ಸರದಿ ಭಾನುವಾರ, ಸೋಮವಾರ ಆಕೆಯದು, ಮಂಗಳವಾರ ನಮ್ಮದು, ಆಮೇಲೆ ನೀರು ಕೆಳಗಿನ ಊರಿಗೆ. ತಪ್ಪಿದರೆ ಮತ್ತೆ ಹತ್ತು ದಿನ ಕಾಯಬೇಕು, ಅಷ್ಟರಲ್ಲಿ ಸಸಿ ಬಲಿತು ನಾಟಿಗೆ ಬಾರದು.

ಪುಸ್ತಕ ಓದಿದೆ, ಚಿತ್ರ ನೋಡಿದೆ, ಬ್ಲೇಡು ಬಿಗಿದೆ. ಚಿತ್ರವನ್ನು ಯಂತ್ರದ ಯಾವ ಮಗ್ಗುಲಿನಿಂದ ನೋಡಬೇಕೆಂದು ಮಾತ್ರ ಯೋಚಿಸಲಿಲ್ಲ. ಗದ್ದೆಗಿಳಿದ ಟಿಲ್ಲರ್ ಕೂಳೆಯನ್ನು ಕತ್ತರಿಸದೆ ಮೈಗೆ ಸುತ್ತಿಕೊಂಡು, ಸೀಟಿನ ಮೇಲಿದ್ದ ನನ್ನನ್ನು ಎತ್ತೆತ್ತಿ ಕುಕ್ಕಿತು. ಮಣ್ಣು ಗಟ್ಟಿ ಎಂದೆ. ಡೀಸೆಲ್ ಕಲಬೆರಕೆ ಎಂದೆ. ತಪ್ಪು ನನ್ನದಿರಬಹುದು ಎಂಬುದು ಮೇಷ್ಟ್ರ ತಲೆಗೆ ಕೊನೆಯಲ್ಲಿ ಹೊಳೆಯುವ ವಿಚಾರ. ಸಂಜೆ ಗೌರಮ್ಮನೇ ಬಗ್ಗಿ ನೋಡಿ ಕೇಳಿದಳು:

"ಮೇಷ್ಟ್ರೇ, ಕುಡುಗೋಲಿನ ಬೆನ್ನಿಂದ ಹುಲ್ಲು ಕೊಯ್ಯಾಕೆ ಆಗ್ತೈತೇನ್ರೀ?"

ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅನ್ನುವುದು ಸುಮ್ಮನೆ ಅಲ್ಲ. ಸೋಮವಾರ ಜ್ವರವೆಂದು ಶಾಲೆಗೆ ರಜಾಚೀಟಿ ಕಳಿಸಿ, ಆಕೆ ತೋರಿಸಿದಂತೆ ಒಂದೊಂದನ್ನೇ ತಿರುಗಿಸಿ ಬಿಗಿದೆ. ಹತ್ತು ಗಂಟೆಗೆ ಯಂತ್ರ ಸಿದ್ಧವಾಯಿತು. ಆಗ ದೊಡ್ಡಪ್ಪ ಅಡ್ಡ ನಿಂತರು.

"ಇವತ್ತು ಸೋಮವಾರ. ಹೂಡಂಗಿಲ್ಲ."

ಸೋಮವಾರ ಎತ್ತಿಗೆ ನೊಗ ಹೂಡುವುದಿಲ್ಲ ಎಂಬುದು ನಮ್ಮ ಕಡೆಯ ಶಿವಭಕ್ತರ ನೇಮ. ತಾನಾಗಿ ರಜಾಚೀಟಿ ಬರೆಯಲಾರದ ಮೂಕಪ್ರಾಣಿಯ ಪರವಾಗಿ ಯಾರೋ ಹಿರಿಯರು ಬರೆದಿಟ್ಟ ಖಾಯಂ ಚೀಟಿ ಅದು. ನನಗೂ ಅದರ ಮೇಲೆ ಗೌರವವೇ. ಆದರೆ ಡೀಸೆಲ್ ಕುಡಿಯುವ ಕಬ್ಬಿಣಕ್ಕೆ ಯಾತರ ಬಿಡುವು?

"ಇದೇನು ದಣಿತೈತಾ ದೊಡ್ಡಪ್ಪಾ?" ಎಂದೆ.

"ಎತ್ತು ಮಾರಿ ಇದನ್ನ ತಂದೆ ಕಣಪ್ಪಾ. ನೇಮ ಮಾರಲಿಲ್ಲ."

ನನಗೆ ಸಿಟ್ಟು ಬಂತು. ನಿಮ್ಮ ನೇಮಕ್ಕೆ ಆಯಮ್ಮ ಉಪವಾಸ ಬೀಳಬೇಕೇನು ಎಂದುಬಿಟ್ಟೆ. ಗೌರಮ್ಮ ತನ್ನ ಸಸಿಮಡಿಯನ್ನೇ ನೋಡುತ್ತಿದ್ದಳು. ಭಾನುವಾರವನ್ನು ಹಾಳುಮಾಡಿದ್ದು ದೊಡ್ಡಪ್ಪನ ಶಿವನಲ್ಲ, ನನ್ನ ಇಂಗ್ಲಿಷು ಎಂಬುದು ಆ ಸಿಟ್ಟಿನಲ್ಲಿ ನನಗೆ ಮರೆತೇಹೋಗಿತ್ತು.

ದೊಡ್ಡಪ್ಪ ನಾಲೆ ಮೇಲೆ ಸರದಿಯಂತೆ ನೀರು ಹಂಚುತ್ತಿದ್ದ ನೀರುಗಂಟಿಯನ್ನು ಕೂಗಿ ಕರೆದರು. "ನಾಳೆ ನಮ್ಮ ನೀರು ಗೌರಮ್ಮನ ಗದ್ದೆಗೆ ಬಿಡಪ್ಪಾ."

"ನಿಮ್ಮ ಸಸಿ ಏನಾಗ್ಬೇಕಣ್ಣಾ?" ಎಂದಳು ಗೌರಮ್ಮ, ಗಾಬರಿಯಿಂದ.

"ನೇಮ ನಂದು. ನಷ್ಟ ನಿಂದು ಹೆಂಗಾಗ್ತೈತವ್ವಾ?"

ಮಂಗಳವಾರ ಟಿಲ್ಲರ್ ಬೆಣ್ಣೆಯಂಥ ಕೆಸರು ಮಾಡಿತು. ಬುಧವಾರ ಆಕೆಯ ನಾಟಿ ಮುಗಿಯಿತು. ನಮ್ಮ ಸಸಿಗಳು ಮಡಿಯಲ್ಲೇ ಬಲಿತು ಹಳದಿಯಾದವು. ಹತ್ತು ದಿನದ ಮೇಲೆ ವಿಧಿಯಿಲ್ಲದೆ ಅವನ್ನೇ ನೆಟ್ಟೆವು; ಆ ಸಲ ನಮಗೆ ಬಂದದ್ದು ಅರ್ಧ ಬೆಳೆ. ದೊಡ್ಡಪ್ಪ ಅದನ್ನು ಯಾರೆದುರೂ ಹೇಳಿಕೊಳ್ಳಲಿಲ್ಲ, ಬ್ಲೇಡು ತಿರುಗುಮುರುಗು ಹಾಕಿದವನ ಹೆಸರನ್ನೂ ಎತ್ತಲಿಲ್ಲ. ನನಗಂತೂ ಅವರ ಮುಖ ನೋಡಲು ನಾಚಿಕೆಯಾಗುತ್ತಿತ್ತು. ಈಗಲೂ ಯಾರದಾದರೂ ನೇಮ ಕಂಡು ನಗು ಬಂದರೆ, ನಗುವ ಮೊದಲು ಅದರಿಂದ ಯಾರ ಗದ್ದೆ ಒಣಗುತ್ತದೆ ಎಂದು ನೋಡಿಕೊಳ್ಳುತ್ತೇನೆ.