ಮೂರು ಕಾಲಿನ ಸ್ಟೂಲು

ಆ ಬಡಗಿಯನ್ನು ಓಣಿಯವರು ಮೌನಿ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಹುಟ್ಟಾ ಮೌನಿಯೇನಲ್ಲ. ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಮಾತಿಗೆ ಜನವಿರಲಿಲ್ಲ. ಆಡದೆ ಆಡದೆ ನಾಲಿಗೆಗೆ ಅಭ್ಯಾಸ ತಪ್ಪಿತ್ತು.

ಒಮ್ಮೆ ಪಕ್ಕದ ಶಾಲೆಯವರು ಬೆಂಚುಗಳನ್ನು ಸರಿಪಡಿಸಲು ಕರೆದರು. ನಾಲ್ಕನೇ ತರಗತಿಯ ಕೋಣೆಯಲ್ಲೇ ಹಿಂದೆ ಸ್ಟೂಲು ಹಾಕಿಕೊಂಡು ಮೇಸ್ತ್ರಿ ಬೆಂಚಿನ ಕಾಲು ಉಜ್ಜುತ್ತಿದ್ದರೆ, ಮುಂದೆ ಟೀಚರು ಸಮತಲ ಎಂದರೇನೆಂದು ಹೇಳಿ ಹೇಳಿ ಸೋತಿದ್ದರು. ಮಕ್ಕಳು ಪಿಳಿಪಿಳಿ ಕಣ್ಣು ಬಿಡುತ್ತಿದ್ದವು. ದಿನವೂ ಹಲಗೆ ಮಟ್ಟ ಮಾಡುವವರು ನೀವೇ ಒಂದು ಮಾತು ಹೇಳಿ ಎಂದು ಟೀಚರು ಮೇಸ್ತ್ರಿಯನ್ನು ಕೇಳಿಕೊಂಡರು.

ಮೇಸ್ತ್ರಿ ತಮ್ಮ ಮೂರು ಕಾಲಿನ ಸ್ಟೂಲನ್ನು ತಂದು ಹಳ್ಳಬಿದ್ದ ನೆಲದ ಮೇಲಿಟ್ಟರು. ಎಲ್ಲಿಟ್ಟರೂ ಅಲುಗಲಿಲ್ಲ. ಪಕ್ಕದ ನಾಲ್ಕು ಕಾಲಿನ ಬೆಂಚು ಮಾತ್ರ ಕೈ ಇಟ್ಟೊಡನೆ ಕಟಕಟ ಎಂದಿತು.

"ಒಂದೇ ಗೆರೆ ಮೇಲಿಲ್ಲದ ಮೂರು ಚುಕ್ಕೆ ಎಲ್ಲಾದ್ರೂ ಇಡಿ. ಮೂರನ್ನೂ ಮುಟ್ಕೊಂಡು ಒಂದು ಹಲಗೆ ಕೂತೇ ಕೂರುತ್ತೆ. ನಾಲ್ಕನೇ ಚುಕ್ಕೆ ಆ ಹಲಗೆಗೆ ಸಿಗಬಹುದು, ಸಿಗದೇನೂ ಇರಬಹುದು. ಅದಕ್ಕೇ ಬೆಂಚು ಕುಂಟೋದು."

"ಹಲಗೆ ಎಲ್ಲಿ ಮುಗಿಯುತ್ತೆ ಮಾಮ?" ಎಂದು ಮುಂದೆ ಕೂತ ಹುಡುಗಿ ಕೇಳಿದಳು.

"ನನ್ ಹಲಗೆ ಗರಗಸ ಇಟ್ಟಲ್ಲಿ ಮುಗಿಯುತ್ತೆ. ಟೀಚರ್ ಹೇಳೋ ಸಮತಲಕ್ಕೆ ಅಂಚೂ ಇಲ್ಲ, ದಪ್ಪಾನೂ ಇಲ್ಲ. ಗೋಡೆ ದಾಟಿ, ಊರು ದಾಟಿ ಹೋಗ್ತಾನೇ ಇರುತ್ತೆ."

"ಅಷ್ಟು ದೂರ ಒಂಟಿಯಾಗೇ ಹೋಗುತ್ತಾ?"

ಮಕ್ಕಳು ನಕ್ಕವು, ಮೇಸ್ತ್ರಿಯೂ ನಕ್ಕರು. ಸೋಮವಾರ ಉದ್ದ, ಅಗಲ, ಎತ್ತರದ ಪಾಠವಿದೆ, ಖಂಡಿತ ಬನ್ನಿ ಎಂದರು ಟೀಚರು.

ಆ ವಾರವಿಡೀ ಮೇಸ್ತ್ರಿಗೆ ಅದೇ ಗುಂಗು. ಮೂರು ತೆಳು ಹಲಗೆಗಳನ್ನು ಕೋಣೆಯ ಮೂಲೆಯಂತೆ ಒಂದಕ್ಕೊಂದು ಜೋಡಿಸಿ, ಮಕ್ಕಳ ಕೈಗೆ ಸಿಬಿರು ಚುಚ್ಚದಂತೆ ನುಣ್ಣಗೆ ಉಜ್ಜಿದರು. ಎರಡು ಹಲಗೆ ಸೇರಿದಲ್ಲಿ ಗೆರೆ, ಮೂರೂ ಸೇರಿದಲ್ಲಿ ಚುಕ್ಕೆ ಎಂದು ಬೆರಳಿಟ್ಟು ತೋರಿಸುವುದನ್ನೂ ಅಭ್ಯಾಸ ಮಾಡಿದರು.

ಸೋಮವಾರ ಗಡ್ಡ ಬೋಳಿಸಿ, ಇಸ್ತ್ರಿ ಅಂಗಿ ತೊಟ್ಟು ಹೋದರೆ ಬಾಗಿಲಲ್ಲಿ ಬೇರೆ ಟೀಚರು ನಿಂತಿದ್ದರು. ಹಳೆಯವರಿಗೆ ವರ್ಗವಾಗಿತ್ತಂತೆ. ಉದ್ದ, ಅಗಲ, ಎತ್ತರದ ಪಾಠಕ್ಕೆ ಬರಹೇಳಿದ್ದರು ಎಂದರು ಮೇಸ್ತ್ರಿ.

"ಆ ಪಾಠ ಶನಿವಾರಾನೇ ಮುಗಿಸಿಬಿಟ್ಟೆ," ಎಂದರು ಹೊಸಬರು, ಸೌಜನ್ಯದಿಂದಲೇ. "ಬೆಂಚಿನ ಕೆಲಸ ಏನಾದ್ರೂ ಬಾಕಿ ಇತ್ತಾ?"

"ಇಲ್ಲ. ಇದು ಮಕ್ಕಳಿಗೆ," ಎಂದು ಮೇಸ್ತ್ರಿ ಜೋಡಿಸಿದ ಹಲಗೆಗಳನ್ನು ಕಪಾಟಿನ ಮೇಲಿಟ್ಟರು. ಮಕ್ಕಳು ಆಟಕ್ಕೆ ಹೋಗಿದ್ದವು. ಸ್ವಲ್ಪ ಹೊತ್ತು ಗೇಟಿನ ಬಳಿ ನಿಂತರು, ಯಾರೂ ಇತ್ತ ನೋಡಲಿಲ್ಲ.

ಮನೆಗೆ ಬಂದು ಮಂಚದ ಮೇಲೆ ಕೂತು, ಪಾಠವನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಹೇಳಿದರು. ನಡುವೆ ಒಂದು ಕಡೆ ತಡವರಿಸಿದಾಗ ನಿಂತು, ಅದನ್ನು ಮತ್ತೊಮ್ಮೆ ಬಿಡಿಸಿ ಹೇಳಿದರು.